ಗರ್ಭಿಣಿಯರು ಮತ್ತು ನೋವಿನ ಮಾತ್ರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಔಷಧ ಅಂಗಡಿಯ ಮುಂದೆ, ತಪಾಸಣೆಗೆ ಕಾಯುವ ಸಾಲಿನಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಡಲಾಗಿದೆ. ಹೇಳಿರುವ ಪ್ರಮಾಣಗಳು ಬೇರೆ ಕಾಯಿಲೆಯಿಲ್ಲದ ವಯಸ್ಕ ಗರ್ಭಿಣಿಗೆ ಅನ್ವಯಿಸುವಂಥವು. ನಿಮ್ಮನ್ನು ನೋಡುತ್ತಿರುವ ವೈದ್ಯರು ಬೇರೆ ರೀತಿ ಸೂಚಿಸಿದ್ದರೆ ಅದನ್ನೇ ಪಾಲಿಸಬೇಕು.

## ಮೊದಲು ತಿಳಿದಿರಬೇಕಾದದ್ದು

ಬಸುರಿಯಾದವಳು ಯಾವ ನೋವಿನ ಮಾತ್ರೆಯನ್ನೂ ಮುಟ್ಟಬಾರದು ಅಂತಾರೆ ನಮ್ಮತ್ತೆ. ನಿಜವೇ?

ಅತ್ತೆಯವರ ಮಾತು ಅರ್ಧ ಸರಿ. ನೋವಿಗೆಂದು ನಮ್ಮಲ್ಲಿ ಮಾರಾಟವಾಗುವ ಮಾತ್ರೆಗಳಲ್ಲಿ ಹೆಚ್ಚಿನವು ಗರ್ಭಿಣಿಗೆ ಬೇಡದವೇ. ಆದರೆ ಪ್ಯಾರಾಸಿಟಮಾಲ್ ಅನ್ನು ಮಾತ್ರ, ಅಗತ್ಯವಿದ್ದಾಗ, ಸರಿಯಾದ ಪ್ರಮಾಣದಲ್ಲಿ, ಒಂಬತ್ತು ತಿಂಗಳಲ್ಲಿ ಯಾವಾಗಲಾದರೂ ತೆಗೆದುಕೊಳ್ಳಬಹುದೆಂದು ಪ್ರಸೂತಿ ತಜ್ಞರು ದಶಕಗಳಿಂದ ಹೇಳುತ್ತಾ ಬಂದಿದ್ದಾರೆ. ಏನನ್ನೂ ನುಂಗದೆ ಸಹಿಸಿಕೊಂಡರೆ ಮಗುವಿಗೆ ಒಳ್ಳೆಯದು ಎಂಬ ನಂಬಿಕೆ ಎಲ್ಲ ಸಂದರ್ಭಕ್ಕೂ ಹೊಂದುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ತಾಯಿಗೆ ಬರುವ ತೀವ್ರ ಜ್ವರಕ್ಕೂ ಮಗುವಿನ ಮೆದುಳು ಮತ್ತು ಬೆನ್ನುಹುರಿ ರೂಪುಗೊಳ್ಳುವಾಗ ಉಂಟಾಗುವ ದೋಷಗಳಿಗೂ ಸಂಬಂಧ ಕಂಡುಬಂದಿದೆ. ಆದ್ದರಿಂದ ಅಂಥ ಜ್ವರವನ್ನು ಇಳಿಸುವುದು ತಾಯಿಯಷ್ಟೇ ಮಗುವಿನ ದೃಷ್ಟಿಯಿಂದಲೂ ಬೇಕಾದದ್ದು. ನಿದ್ದೆ, ಊಟ ಎರಡನ್ನೂ ಕೆಡಿಸುವಂಥ ನೋವನ್ನು ವಾರಗಟ್ಟಲೆ ನುಂಗಿಕೊಂಡಿರುವುದರಲ್ಲಿಯೂ ಯಾವ ಪುಣ್ಯವೂ ಇಲ್ಲ.

ಡೋಲೊ, ಕ್ರೋಸಿನ್, ಕ್ಯಾಲ್ಪಾಲ್ ಇವುಗಳಲ್ಲಿ ಗರ್ಭಿಣಿಗೆ ಯಾವುದು ಒಳ್ಳೆಯದು?

ಈ ಮೂರು ಹೆಸರುಗಳ ಸಾಮಾನ್ಯ ಮಾತ್ರೆಗಳಲ್ಲಿರುವುದು ಒಂದೇ ಔಷಧ, ಪ್ಯಾರಾಸಿಟಮಾಲ್. ಕೆಲವು 500 ಮಿಲಿಗ್ರಾಂನವು, ಕೆಲವು 650ರವು, ಅಷ್ಟೇ ವ್ಯತ್ಯಾಸ. ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುವುದೂ, ಆಶಾ ಕಾರ್ಯಕರ್ತೆಯ ಚೀಲದಲ್ಲಿರುವುದೂ ಅದೇ. ಎಚ್ಚರ ಬೇಕಾದದ್ದು ಒಂದೇ ಹೆಸರಿನಡಿ ಬರುವ ಬೇರೆ ಬೇರೆ ಪ್ಯಾಕುಗಳ ವಿಷಯದಲ್ಲಿ. ಒಂದರಲ್ಲಿ ಬರೀ ಪ್ಯಾರಾಸಿಟಮಾಲ್ ಇದ್ದರೆ ಇನ್ನೊಂದರಲ್ಲಿ ಜತೆಗೆ ಕೆಫೀನ್ ಇರಬಹುದು, ಮತ್ತೊಂದರಲ್ಲಿ ನೆಗಡಿಯ ಔಷಧ ಸೇರಿರಬಹುದು. ಅಂಗಡಿಯಲ್ಲಿ ಬ್ರಾಂಡಿನ ಹೆಸರು ಹೇಳುವ ಬದಲು "ಪ್ಯಾರಾಸಿಟಮಾಲ್ 500, ಬೇರೇನೂ ಸೇರಿರಬಾರದು, ಗರ್ಭಿಣಿಗೆ" ಎಂದು ಕೇಳಿ ಪಡೆಯುವುದು ಉತ್ತಮ.

ದಿನಕ್ಕೆ ಎಷ್ಟು ಪ್ಯಾರಾಸಿಟಮಾಲ್ ತಗೋಬಹುದು?

ಒಂದು ಸಲಕ್ಕೆ 500 ಅಥವಾ 650 ಮಿಲಿಗ್ರಾಂನ ಒಂದು ಮಾತ್ರೆ. ಇನ್ನೊಂದು ಬೇಕೆನಿಸಿದರೆ ನಡುವೆ ಆರು ಗಂಟೆ, ಏನೇ ಆದರೂ ನಾಲ್ಕು ಗಂಟೆಗಿಂತ ಕಡಿಮೆಯಿಲ್ಲದ ಅಂತರ. ಆರೋಗ್ಯವಂತ ವಯಸ್ಕರಿಗೆ 24 ಗಂಟೆಗಳ ಗರಿಷ್ಠ ಮಿತಿ 4 ಗ್ರಾಂ ಎಂದು ಎಲ್ಲೆಡೆ ಬರೆದಿರುತ್ತದೆ. ಆದರೆ ವೈದ್ಯರನ್ನು ಕಾಣದೆ ಮನೆಯಲ್ಲೇ ತೆಗೆದುಕೊಳ್ಳುವಾಗ 3 ಗ್ರಾಂ ದಾಟದಿರುವುದು ವಿವೇಕ.

ಇಲ್ಲಿ ತೂಕದ ಪ್ರಶ್ನೆಯೊಂದಿದೆ, ಅದನ್ನು ಯಾರೂ ಕೇಳುವುದಿಲ್ಲ. ಈ ಮಿತಿಗಳು 50 ಕೆ.ಜಿ. ಮೀರಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ನಮ್ಮ ಹಳ್ಳಿಗಳಲ್ಲಿ ಮೊದಲ ತಪಾಸಣೆಗೆ ಬರುವ ಎಷ್ಟೋ ಹೆಣ್ಣುಮಕ್ಕಳ ತೂಕ 45 ಕೆ.ಜಿ.ಯನ್ನೂ ಮುಟ್ಟಿರುವುದಿಲ್ಲ. ತೂಕ ಕಡಿಮೆಯಿದ್ದವರಿಗೆ ಪ್ರತಿ ಕೆ.ಜಿ.ಗೆ ಒಂದು ಸಲಕ್ಕೆ 15 ಮಿಲಿಗ್ರಾಂ, ದಿನಕ್ಕೆ 60 ಮಿಲಿಗ್ರಾಂ ಎಂಬ ಲೆಕ್ಕ ಹಿಡಿಯುತ್ತಾರೆ. ಅದರಂತೆ 42 ಕೆ.ಜಿ. ತೂಗುವವರಿಗೆ ಒಂದು ಸಲಕ್ಕೆ 630 ಮಿಲಿಗ್ರಾಂ, ದಿನಕ್ಕೆ ಸುಮಾರು ಎರಡೂವರೆ ಗ್ರಾಂ ಬರುತ್ತದೆ. ಅಂಥವರಿಗೆ 650ರ ಬದಲು 500ರ ಮಾತ್ರೆಯೇ ಸರಿ. ತೂಕ ತಾಯಿ ಕಾರ್ಡಿನಲ್ಲಿ ಬರೆದಿರುತ್ತದೆ, ನೋಡಿಕೊಳ್ಳಿ.

ಎರಡು ಮೂರು ದಿನ ತೆಗೆದುಕೊಂಡರೂ ನೋವು ಹೋಗದಿದ್ದರೆ ಮಾತ್ರೆ ಹೆಚ್ಚಿಸಬಾರದು. ನೋವಿನ ಕಾರಣವನ್ನು ವೈದ್ಯರಿಂದ ಪತ್ತೆ ಮಾಡಿಸಬೇಕು.

ಅಂಗಡಿಯಲ್ಲಿ ಸ್ಟ್ರಿಪ್ ಕತ್ತರಿಸಿ ಎರಡೇ ಮಾತ್ರೆ ಕೊಡ್ತಾರೆ. ಒಳಗೇನಿದೆ ಅಂತ ತಿಳಿಯೋದು ಹೇಗೆ?

ನಮ್ಮಲ್ಲಿ ತಪ್ಪುಗಳು ಹೆಚ್ಚಾಗಿ ಆಗುವುದು ಇಲ್ಲಿಯೇ. ಹತ್ತು ಮಾತ್ರೆಗಳ ಸ್ಟ್ರಿಪ್ಪಿನ ಮೂಲೆಯಿಂದ ಕತ್ತರಿಸಿಕೊಟ್ಟ ತುಂಡಿನ ಬೆನ್ನಿನಲ್ಲಿ ಬ್ರಾಂಡ್ ಹೆಸರಿನ ಎರಡಕ್ಷರ, ಔಷಧದ ಹೆಸರಿನ ಬಾಲ, ಅರ್ಧ ಕತ್ತರಿಸಿದ ತಿಂಗಳು ಇಷ್ಟೇ ಉಳಿದಿರುತ್ತದೆ. ಅವಧಿ ಮುಗಿಯುವ ದಿನಾಂಕ ಅಂಗಡಿಯ ಡ್ರಾಯರಿನಲ್ಲೇ ಉಳಿದುಬಿಡುತ್ತದೆ. ಗರ್ಭಿಣಿಗೆ ಕೊಳ್ಳುವಾಗ ಇಡೀ ಸ್ಟ್ರಿಪ್ ಪಡೆಯುವುದು ಒಳ್ಳೆಯದು. ಪ್ಯಾರಾಸಿಟಮಾಲಿನ ಬೆಲೆಯಲ್ಲಿ ಅದು ದೊಡ್ಡ ಹೊರೆಯೇನಲ್ಲ. ಬೇಡವೆಂದರೆ, ಕತ್ತರಿಸುವ ಮೊದಲು ಸ್ಟ್ರಿಪ್ಪಿನ ಹಿಂಭಾಗದ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ. ದೊಡ್ಡ ಅಕ್ಷರದ ಬ್ರಾಂಡ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧಗಳ ಹೆಸರನ್ನೇ ಓದಬೇಕು. ಅಲ್ಲಿ ಪ್ಯಾರಾಸಿಟಮಾಲ್ ಬಿಟ್ಟು ಬೇರೊಂದು ಹೆಸರು ಕಂಡರೆ ಆ ಮಾತ್ರೆಯನ್ನು ಕೇಳದೆ ನುಂಗಬಾರದು.

ಚೀಟಿಯಿಲ್ಲದೆ ಕೊಡ್ತಾರೆ ಅಂದ್ರೆ ಅದು ಅಪಾಯವಿಲ್ಲದ ಮಾತ್ರೆ ಅಂತ ತಾನೆ?

ಹಾಗೆಂದು ತಿಳಿಯುವಂತಿಲ್ಲ. 1945ರ ಔಷಧ ನಿಯಮಗಳ ಪ್ರಕಾರ ಶೆಡ್ಯೂಲ್ ಎಚ್ ಪಟ್ಟಿಯಲ್ಲಿರುವ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಡೈಕ್ಲೋಫೆನಾಕ್, ಮೆಫೆನಾಮಿಕ್ ಆಸಿಡ್ ಆ ಪಟ್ಟಿಯವು. ಆದರೂ ಹೊಟ್ಟೆನೋವು, ಮಂಡಿನೋವು ಎಂದ ಕೂಡಲೇ ಅವು ಕೈಗೆ ಬರುತ್ತವೆ ಎಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮಾತ್ರೆ ಸುಲಭವಾಗಿ ಸಿಕ್ಕಿತೆಂಬುದರಿಂದ ಅದು ಗರ್ಭಿಣಿಗೆ ಹೊಂದುತ್ತದೆಂದು ಸಾಬೀತಾಗುವುದಿಲ್ಲ. ಇನ್ನೊಂದು ಕಷ್ಟವೆಂದರೆ, ಮಾತ್ರೆ ತರಲು ಹೋಗುವವರು ಸಾಮಾನ್ಯವಾಗಿ ಗಂಡ ಅಥವಾ ಮೈದುನ. ಯಾರಿಗೆ ಎಂದು ಅಂಗಡಿಯವರು ಕೇಳುವುದಿಲ್ಲ, ಇವರೂ ಹೇಳುವುದಿಲ್ಲ. "ಬಸುರಿಗೆ" ಎಂಬ ಒಂದು ಮಾತನ್ನು ಮೊದಲೇ ಹೇಳಿಬಿಟ್ಟರೆ ಅರ್ಧ ತೊಂದರೆ ಅಲ್ಲೇ ತಪ್ಪುತ್ತದೆ.

ಬ್ರೂಫೆನ್, ಕಾಂಬಿಫ್ಲಾಮ್, ವೊವೆರಾನ್ ಯಾಕೆ ಬೇಡ? ಮೊದಲು ಎಷ್ಟೋ ಸಲ ತಗೊಂಡಿದ್ದೀನಲ್ಲ.

ನಿಮ್ಮ ದೇಹಕ್ಕೆ ಅವು ಒಗ್ಗಿರಬಹುದು. ತೊಂದರೆಯಾಗುವುದು ಒಳಗಿರುವ ಮಗುವಿಗೆ. ಐಬುಪ್ರೊಫೇನ್ (ಬ್ರೂಫೆನ್), ಡೈಕ್ಲೋಫೆನಾಕ್ (ವೊವೆರಾನ್), ಅಸಿಕ್ಲೋಫೆನಾಕ್, ಮೆಫೆನಾಮಿಕ್ ಆಸಿಡ್, ನಿಮೆಸುಲೈಡ್, ಕೆಟೊರೊಲ್ಯಾಕ್ ಇವೆಲ್ಲ ಒಂದೇ ಗುಂಪಿಗೆ ಸೇರಿದ ಔಷಧಗಳು. ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳ ಉತ್ಪತ್ತಿಯನ್ನು ತಡೆದು ಅವು ನೋವನ್ನೂ ಊತವನ್ನೂ ಇಳಿಸುತ್ತವೆ. ಅದೇ ರಾಸಾಯನಿಕಗಳು ಗರ್ಭದಲ್ಲಿರುವ ಮಗುವಿಗೆ ಎರಡು ಕಡೆ ಅನಿವಾರ್ಯ.

ಮೊದಲನೆಯದು ಮೂತ್ರಪಿಂಡ. ಗರ್ಭ ಅರ್ಧ ದಾರಿ ಕಳೆದ ಮೇಲೆ ಮಗುವಿನ ಸುತ್ತಲಿನ ನೀರಿನ ಬಹುಪಾಲು ಮಗುವಿನ ಮೂತ್ರದಿಂದಲೇ ಬರುತ್ತದೆ. ಮೂತ್ರಪಿಂಡಕ್ಕೆ ರಕ್ತದ ಹರಿವು ತಗ್ಗಿದರೆ ಮೂತ್ರ ಕಡಿಮೆಯಾಗಿ, ಸ್ಕ್ಯಾನಿಂಗ್‌ನಲ್ಲಿ "ನೀರು ಕಡಿಮೆ ಇದೆ" ಎಂದು ಬರುತ್ತದೆ. ಹಲವು ದಿನ ಅಥವಾ ವಾರ ಮಾತ್ರೆ ನುಂಗಿದವರಲ್ಲಿ ಇದು ಹೆಚ್ಚು. ವಿರಳವಾಗಿ ಎರಡು ದಿನಗಳಲ್ಲೇ ಕಾಣಿಸಿಕೊಂಡದ್ದೂ ಇದೆ. ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಅಕ್ಟೋಬರ್‌ನಲ್ಲಿ, 20 ವಾರಗಳ ನಂತರ ಈ ಗುಂಪಿನ ಔಷಧಗಳನ್ನು ದೂರವಿಡಬೇಕೆಂದು ಎಚ್ಚರಿಸಿದ್ದು ಈ ಕಾರಣಕ್ಕೇ.

ಎರಡನೆಯದು ಹೃದಯದ ಬಳಿಯ ರಕ್ತನಾಳ. ಗರ್ಭದಲ್ಲಿ ಮಗು ಉಸಿರಾಡುವುದಿಲ್ಲವಾದ್ದರಿಂದ ಅದರ ರಕ್ತ ಶ್ವಾಸಕೋಶದೊಳಕ್ಕೆ ಹೋಗದೆ ಪಕ್ಕದಿಂದ ಹರಿದುಹೋಗಲು ಡಕ್ಟಸ್ ಆರ್ಟೀರಿಯೋಸಸ್ ಎಂಬ ಕಿರುನಾಳವಿದೆ. ಹುಟ್ಟಿದ ಮೇಲೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಸುಮಾರು 30 ವಾರಗಳ ನಂತರ ಈ ಮಾತ್ರೆಗಳಿಂದ ಆ ನಾಳ ಹುಟ್ಟುವ ಮೊದಲೇ ಕುಗ್ಗಿದರೆ ಮಗುವಿನ ಹೃದಯಕ್ಕೂ ಶ್ವಾಸಕೋಶದ ರಕ್ತನಾಳಗಳಿಗೂ ಒತ್ತಡ ಬೀಳುತ್ತದೆ. ಆದ್ದರಿಂದ ಏಳನೇ ತಿಂಗಳಿನ ಆಚೆಗೆ ಈ ಮಾತ್ರೆಗಳ ವಿಷಯದಲ್ಲಿ ರಿಯಾಯಿತಿಯೇ ಇಲ್ಲ.

ಮೊದಲ ತಿಂಗಳುಗಳಲ್ಲೂ ಇವನ್ನು ತಾನಾಗಿ ತೆಗೆದುಕೊಳ್ಳುವುದು ಸರಿಯಲ್ಲ. ಗರ್ಭಪಾತಕ್ಕೂ ಇವಕ್ಕೂ ನಂಟು ಕಂಡ ಅಧ್ಯಯನಗಳಿವೆ, ಕಾಣದವೂ ಇವೆ. ಪ್ಯಾರಾಸಿಟಮಾಲ್ ಕೈಯಲ್ಲಿರುವಾಗ ಆ ಅನುಮಾನವನ್ನು ಮೈಮೇಲೆ ಎಳೆದುಕೊಳ್ಳಬೇಕಾದ ಅಗತ್ಯವಿಲ್ಲ. ಕಾಂಬಿಫ್ಲಾಮ್‌ನಲ್ಲಿ ಪ್ಯಾರಾಸಿಟಮಾಲ್ ಇದೆಯಲ್ಲ ಎಂದು ಕೆಲವರು ಸಮಾಧಾನಪಟ್ಟುಕೊಳ್ಳುತ್ತಾರೆ; ಅದರ ಜತೆಗೆ 400 ಮಿಲಿಗ್ರಾಂ ಐಬುಪ್ರೊಫೇನ್ ಕೂಡ ಇದೆ.

20 ವಾರ ಅಂದ್ರೆ ಎಷ್ಟನೇ ತಿಂಗಳು? ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳ್ತಾರೆ.

ವೈದ್ಯರ ಲೆಕ್ಕ ಕೊನೆಯ ಮುಟ್ಟಿನ ಮೊದಲ ದಿನದಿಂದ ಆರಂಭವಾಗುತ್ತದೆ. ಆ ದಿನ ಏಪ್ರಿಲ್ 1 ಆಗಿದ್ದರೆ 20 ವಾರ ತುಂಬುವುದು ಆಗಸ್ಟ್ 19ಕ್ಕೆ, 30 ವಾರ ಅಕ್ಟೋಬರ್ 28ಕ್ಕೆ, ಹೆರಿಗೆಯ ಅಂದಾಜು ದಿನ ಜನವರಿ 6. ಅಂದರೆ ಐದು ತಿಂಗಳು ತುಂಬುವ ಮೊದಲೇ 20 ವಾರ ಕಳೆದಿರುತ್ತದೆ. ಮುಟ್ಟು ಕ್ರಮವಾಗಿ ಬರದವರು ಮೊದಲ ಸ್ಕ್ಯಾನಿಂಗ್ ವರದಿಯಲ್ಲಿ ಬರೆದಿರುವ ವಾರಗಳನ್ನೇ ನಂಬಬೇಕು.

ಮುಟ್ಟಿನ ಹೊಟ್ಟೆನೋವು ಅಂದ್ಕೊಂಡು ಮೆಫ್ಟಾಲ್ ಸ್ಪಾಸ್ ನುಂಗಿದೆ. ವಾರದ ನಂತರ ಗರ್ಭಿಣಿ ಅಂತ ಗೊತ್ತಾಯ್ತು. ಈಗೇನು ಮಾಡಲಿ?

ಇದು ಬಹಳ ಮಂದಿಗೆ ಆಗುವಂಥದ್ದು, ಏಕೆಂದರೆ ಗರ್ಭ ನಿಲ್ಲುವ ದಿನಗಳಲ್ಲಿ ಕಿಬ್ಬೊಟ್ಟೆಯಲ್ಲಿ ಮುಟ್ಟಿನಂಥದೇ ಸೆಳೆತವಿರುತ್ತದೆ. ಆ ಮಾತ್ರೆಯಲ್ಲಿರುವುದು ಮೆಫೆನಾಮಿಕ್ ಆಸಿಡ್ ಮತ್ತು ಡೈಸೈಕ್ಲೊಮಿನ್. ಒಂದೆರಡು ಮಾತ್ರೆಯಿಂದ ಮಗುವಿಗೆ ಅಂಗದೋಷ ಬರುತ್ತದೆಂದು ಹೆದರಬೇಕಾಗಿಲ್ಲ. ಇಷ್ಟಕ್ಕೇ ಗರ್ಭ ತೆಗೆಸುವ ಯೋಚನೆಯಂತೂ ಖಂಡಿತ ಬೇಡ. ಇನ್ನು ಮುಂದೆ ನಿಲ್ಲಿಸಿ, ಮೊದಲ ತಪಾಸಣೆಯಲ್ಲಿ ಯಾವ ಮಾತ್ರೆ, ಎಂದು, ಎಷ್ಟು ಎಂದು ಹೇಳಿ. ರಕ್ತಸ್ರಾವ ಅಥವಾ ಒಂದೇ ಪಕ್ಕದಲ್ಲಿ ತೀವ್ರ ನೋವು ಇದ್ದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಬೇಕು; ಅದಕ್ಕೆ ಕಾರಣ ಮಾತ್ರೆಯಲ್ಲದೆ ಗರ್ಭಕೋಶದ ಹೊರಗೆ ನಿಂತ ಗರ್ಭವಾಗಿರಬಹುದು.

## ದಿನನಿತ್ಯದ ನೋವುಗಳು

ತಲೆನೋವಿಗೆ ಸ್ಯಾರಿಡಾನ್ ಒಂದೇ ನನಗೆ ಆಗೋದು. ಪರವಾಗಿಲ್ವಾ?

ಸ್ಯಾರಿಡಾನ್‌ನಲ್ಲಿ ಪ್ಯಾರಾಸಿಟಮಾಲ್, ಕೆಫೀನ್‌ಗಳ ಜತೆ ಪ್ರೊಪಿಫೆನಜೋನ್ ಎಂಬ ಔಷಧವಿದೆ. ಗರ್ಭಿಣಿ ಅದನ್ನು ಬಿಡಬೇಕು. ಹಸಿವು, ನಿದ್ದೆಗೆಡುವುದು, ನೀರು ಕುಡಿಯದಿರುವುದು, ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸುವುದು ಇವೆಲ್ಲ ಮೊದಲ ತಿಂಗಳುಗಳ ತಲೆನೋವಿಗೆ ಕಾರಣ. ಅವನ್ನು ಸರಿಪಡಿಸಿ, ಸಾಲದಿದ್ದರೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು.

ಆದರೆ 20 ವಾರಗಳ ನಂತರದ ತಲೆನೋವಿನ ವಿಷಯವೇ ಬೇರೆ. ಬಿಡದ ತಲೆಶೂಲೆ, ಕಣ್ಣು ಮಂಜಾಗುವುದು ಅಥವಾ ಮಿಂಚು ಕಾಣುವುದು, ಪಕ್ಕೆಲುಬಿನ ಕೆಳಗೆ ಮೇಲುಹೊಟ್ಟೆಯಲ್ಲಿ ನೋವು, ಮುಖ ಮತ್ತು ಕೈಗಳಲ್ಲಿ ಒಮ್ಮೆಲೇ ಊತ ಇವು ಪ್ರಿಎಕ್ಲಾಂಪ್ಸಿಯಾ, ಅಂದರೆ ಬಸುರಿಯಲ್ಲಿ ಬಿ.ಪಿ. ಏರುವ ಅಪಾಯಕಾರಿ ಸ್ಥಿತಿಯ ಲಕ್ಷಣಗಳು. ಬಿ.ಪಿ. 140/90 ಮುಟ್ಟಿದರೆ ಅದು ತಪಾಸಣೆ ಬೇಕೆಂಬ ಸೂಚನೆ. ಮಾತ್ರೆ ನುಂಗಿ ಮಲಗಿದರೆ ನೋವು ತಗ್ಗಬಹುದು, ಬಿ.ಪಿ. ತಗ್ಗುವುದಿಲ್ಲ. ಅದೇ ದಿನ, ರಾತ್ರಿಯಾಗಿದ್ದರೂ ಸರಿ, ಬಿ.ಪಿ. ನೋಡಿಸಿಕೊಳ್ಳಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಸೊಂಟನೋವು ತಡೆಯಕ್ಕಾಗ್ತಿಲ್ಲ. ದಿನಾ ಒಂದು ಮಾತ್ರೆ ತಗೊಂಡ್ರೆ ಹೇಗೆ?

ದಿನವೂ ಬೇಡ. ಸೊಂಟನೋವಿನ ಮೂಲ ಹೊಟ್ಟೆಯ ಭಾರ, ಸಡಿಲವಾದ ಕೀಲುಗಳು. ಮಾತ್ರೆ ಅದನ್ನು ಬದಲಿಸುವುದಿಲ್ಲ. ಎಡ ಮಗ್ಗುಲಿಗೆ ಮಲಗಿ ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಳ್ಳುವುದು, ಬಟ್ಟೆ ಸುತ್ತಿದ ಬಿಸಿನೀರಿನ ಚೀಲದಿಂದ ಸೊಂಟಕ್ಕೆ ಶಾಖ ಕೊಡುವುದು, ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಮಾಡುವ ಕೆಲಸವನ್ನು ಎತ್ತರಕ್ಕೆ ಏರಿಸಿಕೊಳ್ಳುವುದು, ಫಿಸಿಯೋಥೆರಪಿಸ್ಟ್ ಹೇಳಿಕೊಡುವ ವ್ಯಾಯಾಮ ಇವು ಹೆಚ್ಚು ಫಲ ಕೊಡುತ್ತವೆ. ನೋವು ತೀರಾ ಹೆಚ್ಚಾದ ದಿನ ಪ್ಯಾರಾಸಿಟಮಾಲ್ ಇದ್ದೇ ಇದೆ. ಬಿಟ್ಟುಬಿಟ್ಟು ಅಲೆಯಂತೆ ಬರುವ ಸೊಂಟನೋವು ಹೆರಿಗೆನೋವೂ ಆಗಿರಬಹುದು. ಜ್ವರ, ಉರಿಮೂತ್ರದೊಂದಿಗೆ ಬರುವುದು ಮೂತ್ರಕೋಶದ ಸೋಂಕಾಗಿರಬಹುದು. ಎರಡಕ್ಕೂ ಆಸ್ಪತ್ರೆಯೇ ದಾರಿ.

ಮಾತ್ರೆ ಬೇಡ ಅಂದ್ಮೇಲೆ ವೋಲಿನಿ, ಮೂವ್ ಹಚ್ಚಬಹುದಾ? ಮೈಮೇಲೆ ಹಚ್ಚೋದು ತಾನೆ?

ಚರ್ಮಕ್ಕೆ ಹಚ್ಚಿದ್ದರ ಸ್ವಲ್ಪ ಭಾಗ ರಕ್ತಕ್ಕೂ ಸೇರುತ್ತದೆ. ವೋಲಿನಿಯಂಥ ಜೆಲ್‌ಗಳಲ್ಲಿ ಡೈಕ್ಲೋಫೆನಾಕ್ ಇದೆ. ನುಂಗಿದಷ್ಟು ಒಳಗೆ ಹೋಗದಿದ್ದರೂ ದಿನಕ್ಕೆ ಮೂರು ಸಲ ಸೊಂಟದ ತುಂಬ ಉಜ್ಜುವವರ ವಿಷಯದಲ್ಲಿ ಅದನ್ನು ಲೆಕ್ಕಕ್ಕಿಲ್ಲವೆನ್ನಲಾಗದು. ಮೂವ್‌ನಂಥ ಮುಲಾಮುಗಳಲ್ಲಿರುವ ಗಂಧಪುರ ತೈಲದ ಮುಖ್ಯಾಂಶ ಮೀಥೈಲ್ ಸ್ಯಾಲಿಸಿಲೇಟ್. ಅದು ಆಸ್ಪಿರಿನ್‌ನ ಹತ್ತಿರದ ಬಂಧು, ಹಸಿರು ಬಣ್ಣದ ಡಬ್ಬಿಯಲ್ಲಿ ಬಂದ ಮಾತ್ರಕ್ಕೆ ಗುಣ ಬದಲಾಗುವುದಿಲ್ಲ. 20 ವಾರಗಳ ನಂತರ ಇಂಥವನ್ನು ವೈದ್ಯರನ್ನು ಕೇಳದೆ ಬಳಸಬೇಡಿ, ಕೊನೆಯ ಮೂರು ತಿಂಗಳಲ್ಲಿ ಬಿಟ್ಟೇಬಿಡಿ. ಹಣೆಗೆ ಒಂದು ಬೆರಳು ಬಾಮ್ ತೀಡಿಕೊಂಡದ್ದಕ್ಕೆ ಗಾಬರಿಯಾಗಬೇಕಾಗಿಲ್ಲ.

ನೆಗಡಿ ಮಾತ್ರೆ ಮತ್ತು ಡೋಲೊ ಎರಡೂ ಒಟ್ಟಿಗೆ ತಗೋಬಹುದಾ?

ಬೇಡ. ನೆಗಡಿಯ ಸಂಯುಕ್ತ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಇದ್ದೇ ಇರುತ್ತದೆ, ಹೀಗಾಗಿ ತಿಳಿಯದೆಯೇ ಎರಡು ಪಟ್ಟು ಸೇರುತ್ತದೆ. ಜತೆಗಿರುವ ಫಿನೈಲೆಫ್ರಿನ್ ರಕ್ತನಾಳಗಳನ್ನು ಕುಗ್ಗಿಸುವ ಔಷಧವಾದ್ದರಿಂದ ಮೊದಲ ಮೂರು ತಿಂಗಳಲ್ಲೂ, ಬಿ.ಪಿ. ಇರುವವರಿಗೂ ಸಲ್ಲದು. ಹಬೆ ತೆಗೆದುಕೊಳ್ಳುವುದು, ಮೂಗಿಗೆ ಉಪ್ಪುನೀರಿನ ಹನಿ, ಮೈನೋವಿಗೆ ಬರೀ ಪ್ಯಾರಾಸಿಟಮಾಲ್ ಇಷ್ಟು ಸಾಕು.

ಹಲ್ಲುನೋವಿಗೆ ನೀರಲ್ಲಿ ಕರಗಿಸಿ ಕುಡಿಯೋ ಮಾತ್ರೆ ಕೊಟ್ಟರು. ಹೆರಿಗೆ ಆಗೋವರೆಗೂ ಅದರಲ್ಲೇ ತಳ್ಳಬಹುದಾ?

ಹಲ್ಲುನೋವೆಂದರೆ ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಕೈಗೆ ಬರುವ ಕರಗುವ ಮಾತ್ರೆ ಕೆಟೊರೊಲ್ಯಾಕ್. ಮೇಲೆ ಹೇಳಿದ ಗುಂಪಿನಲ್ಲಿ ಅದು ಬಲವಾದದ್ದು, ಗರ್ಭಿಣಿಗೆ ಬೇಡವೇ ಬೇಡ. ಹೆರಿಗೆಯವರೆಗೆ ಹಲ್ಲು ತೋರಿಸಬಾರದೆಂಬುದೂ ತಪ್ಪು ತಿಳಿವಳಿಕೆ. ಮರಗಟ್ಟಿಸುವ ಲಿಗ್ನೊಕೇನ್ ಚುಚ್ಚುಮದ್ದು ಕೊಟ್ಟು ಹಲ್ಲು ಕೀಳುವುದು, ಬೇರು ಶುಚಿಗೊಳಿಸುವುದು, ಸೀಸದ ಹೊದಿಕೆ ಹಾಕಿ ಒಂದು ಎಕ್ಸ್‌ರೇ ತೆಗೆಯುವುದು ಇವೆಲ್ಲ ಗರ್ಭಾವಸ್ಥೆಯಲ್ಲೂ ಮಾಡಬಹುದಾದವು. ನಾಲ್ಕರಿಂದ ಆರನೇ ತಿಂಗಳು ಅದಕ್ಕೆ ಅನುಕೂಲದ ಕಾಲ. ಕೀವು ತುಂಬಿದ ಹಲ್ಲನ್ನು ಮಾತ್ರೆಯ ಬಲದಲ್ಲಿ ತಿಂಗಳುಗಟ್ಟಲೆ ಬಾಯಲ್ಲಿಟ್ಟುಕೊಳ್ಳುವುದೇ ಹೆಚ್ಚು ಅಪಾಯ.

ಮಳೆಗಾಲದಲ್ಲಿ ಜ್ವರ, ಮೈಕೈನೋವು. ಡೋಲೊ ಹಾಕ್ಕೊಂಡು ಎಷ್ಟು ದಿನ ನೋಡಬಹುದು?

ಗರ್ಭಿಣಿಯ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮಾತ್ರೆ ತೆಗೆದುಕೊಂಡು ಒಂದು ದಿನಕ್ಕಿಂತ ಹೆಚ್ಚು ಕಾಯಬೇಡಿ. ಕರ್ನಾಟಕದಲ್ಲಿ ಮಳೆಗಾಲವೆಂದರೆ ಡೆಂಗಿಯ ಕಾಲವೂ ಹೌದು. ಮೊದಲ ದಿನಗಳಲ್ಲೇ ಎನ್‌ಎಸ್1 ರಕ್ತಪರೀಕ್ಷೆಯಿಂದ ಅದು ತಿಳಿಯುತ್ತದೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಿರುವಾಗ ಐಬುಪ್ರೊಫೇನ್, ಡೈಕ್ಲೋಫೆನಾಕ್, ಆಸ್ಪಿರಿನ್ ತೆಗೆದುಕೊಂಡರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ, ಆದ್ದರಿಂದ ಕೀಲುನೋವು ಎಷ್ಟೇ ಇದ್ದರೂ ಪ್ಯಾರಾಸಿಟಮಾಲ್ ಮಾತ್ರ. ಜ್ವರ ಬಿಟ್ಟ ಮೇಲೆ ಹೊಟ್ಟೆನೋವು, ವಾಂತಿ, ಸುಸ್ತು ಹೆಚ್ಚಾದರೆ ಅದು ಗುಣವಾಗುವ ಲಕ್ಷಣವಲ್ಲ, ಕೂಡಲೇ ಆಸ್ಪತ್ರೆಗೆ ಸೇರಬೇಕಾದ ಹೊತ್ತು.

ನಮ್ಮೂರ ಡಾಕ್ಟ್ರು ನೋವಿಗೆ ಸೂಜಿ ಚುಚ್ಚಿದ್ರೆ ಬೇಗ ಹೋಗುತ್ತೆ ಅಂತಾರೆ. ಚುಚ್ಚಿಸಿಕೊಳ್ಳಲಾ?

ಯಾವ ಔಷಧದ ಸೂಜಿ ಎಂದು ಕೇಳದೆ ಚುಚ್ಚಿಸಿಕೊಳ್ಳಬೇಡಿ. ನೋವಿಗೆ ಕೊಡುವ ಸೂಜಿಗಳಲ್ಲಿ ಡೈಕ್ಲೋಫೆನಾಕ್ ಬಹಳ ಸಾಮಾನ್ಯ. ಮಾತ್ರೆಯಾಗಿ ಬೇಡವಾದದ್ದು ಸೂಜಿಯಾಗಿಯೂ ಬೇಡ. "ನಾನು ಇಷ್ಟು ವಾರದ ಬಸುರಿ" ಎಂದು ಹೇಳಿ, ತಾಯಿ ಕಾರ್ಡು ತೋರಿಸಿ, ಕೊಟ್ಟ ಔಷಧದ ಹೆಸರನ್ನು ಅದರಲ್ಲೇ ಬರೆಸಿಕೊಳ್ಳಿ. ಹೆಸರು ಹೇಳಲು ಒಪ್ಪದವರ ಬಳಿ ಚಿಕಿತ್ಸೆ ಪಡೆಯದಿರುವುದೇ ಕ್ಷೇಮ.

ಕಷಾಯ, ಆಯುರ್ವೇದದ ಮಾತ್ರೆಗಳಿಂದ ತೊಂದರೆ ಇಲ್ಲ ಅಲ್ವಾ?

ಅಡುಗೆಮನೆಯ ಶುಂಠಿ, ಜೀರಿಗೆ, ಕೊತ್ತಂಬರಿಬೀಜದ ಕಷಾಯ ಹಿತಮಿತವಾಗಿದ್ದರೆ ಅಡ್ಡಿಯಿಲ್ಲ. ಹೆಸರು ಗೊತ್ತಿಲ್ಲದ ಪುಡಿ, ಭಸ್ಮ, ಲೋಹ ಸೇರಿಸಿ ಮಾಡುವ ರಸೌಷಧಗಳ ಮಾತು ಬೇರೆ. 2011–12ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಆರು ಗರ್ಭಿಣಿಯರ ರಕ್ತದಲ್ಲಿ ಸೀಸ ಹೆಚ್ಚಿರುವುದು ಪತ್ತೆಯಾಗಿ, ಭಾರತದಿಂದ ಬಂದ ಆಯುರ್ವೇದ ಮಾತ್ರೆಗಳಿಗೆ ಅದರ ಜಾಡು ಹಿಡಿಯಲಾಗಿತ್ತು. ಸೀಸ ಮಗುವಿನ ಮೆದುಳಿಗೆ ನೇರವಾಗಿ ಹಾನಿ ಮಾಡುತ್ತದೆ. ಬಸುರಿಯೆಂದು ತಿಳಿಸಿ ಅರ್ಹ ಆಯುರ್ವೇದ ವೈದ್ಯರಿಂದಲೇ ಪಡೆಯಿರಿ, ಪಡೆದದ್ದನ್ನು ಹೆರಿಗೆ ವೈದ್ಯರಿಗೂ ಹೇಳಿ.

## ಇನ್ನಷ್ಟು ತೊಡಕಿನ ಪ್ರಶ್ನೆಗಳು

ಪ್ಯಾರಾಸಿಟಮಾಲ್ ತಗೊಂಡ್ರೆ ಮಗುವಿಗೆ ಆಟಿಸಂ ಬರುತ್ತೆ ಅಂತ ವಾಟ್ಸಾಪಲ್ಲಿ ಬಂತು. ಅಮೆರಿಕದ ಅಧ್ಯಕ್ಷರೇ ಹೇಳಿದ್ದಾರಂತೆ?

ಹೇಳಿದ್ದು ನಿಜ. 2025ರ ಸೆಪ್ಟೆಂಬರ್ 22ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಗರ್ಭಿಣಿಯರು ಟೈಲೆನಾಲ್ ತೆಗೆದುಕೊಳ್ಳಬಾರದೆಂದರು. ಅಲ್ಲಿನ ಟೈಲೆನಾಲ್ ನಮ್ಮ ಪ್ಯಾರಾಸಿಟಮಾಲೇ. ಎರಡು ದಿನಗಳ ನಂತರ ವಿಶ್ವ ಆರೋಗ್ಯ ಸಂಸ್ಥೆ, ಅಂಥ ಸಂಬಂಧವನ್ನು ದೃಢಪಡಿಸುವ ನಿರ್ಣಾಯಕ ಪುರಾವೆಯಿಲ್ಲವೆಂದು ಸ್ಪಷ್ಟಪಡಿಸಿತು. ಯುರೋಪಿನ ಔಷಧ ಸಂಸ್ಥೆಯೂ ತನ್ನ ಸಲಹೆಯನ್ನು ಬದಲಿಸಲಿಲ್ಲ.

ಗೊಂದಲದ ಬೇರು ಅಧ್ಯಯನಗಳ ಸ್ವರೂಪದಲ್ಲಿದೆ. ಪ್ಯಾರಾಸಿಟಮಾಲ್ ಬಳಸಿದ ತಾಯಂದಿರ ಮಕ್ಕಳಲ್ಲಿ ಆಟಿಸಂ (ಇತರರೊಂದಿಗೆ ಬೆರೆಯಲು, ಮಾತಾಡಲು ಕಷ್ಟವಾಗುವ ಬೆಳವಣಿಗೆಯ ಸ್ಥಿತಿ), ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಸ್ವಲ್ಪ ಹೆಚ್ಚೆಂದು ಕೆಲವು ಅಧ್ಯಯನಗಳು ತೋರಿಸಿದ್ದವು. ಆದರೆ ಮಾತ್ರೆ ನುಂಗಿದವರು ಜ್ವರ, ಸೋಂಕು, ತಲೆಶೂಲೆ ಇದ್ದುದಕ್ಕೇ ತಾನೆ ನುಂಗಿದ್ದು? ಆ ಕಾಯಿಲೆಗಳ ಪ್ರಭಾವವೆಷ್ಟು, ಮನೆತನದಿಂದ ಬರುವ ಗುಣಗಳ ಪ್ರಭಾವವೆಷ್ಟು ಎಂಬುದನ್ನು ಬೇರ್ಪಡಿಸುವುದು ಕಷ್ಟ. ಸ್ವೀಡನ್‌ನಲ್ಲಿ 1995ರಿಂದ 2019ರವರೆಗೆ ಹುಟ್ಟಿದ ಸುಮಾರು 24.8 ಲಕ್ಷ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೊಂದು ಉಪಾಯ ಮಾಡಿತು. ಒಂದೇ ತಾಯಿಯ ಮಕ್ಕಳಲ್ಲಿ, ಒಂದು ಬಸುರಿನಲ್ಲಿ ಔಷಧ ತೆಗೆದುಕೊಂಡು ಇನ್ನೊಂದರಲ್ಲಿ ತೆಗೆದುಕೊಳ್ಳದಿದ್ದವರನ್ನು ಹೋಲಿಸಿ ನೋಡಿದಾಗ ವ್ಯತ್ಯಾಸವೇ ಉಳಿಯಲಿಲ್ಲ. ಅಗತ್ಯವಿದ್ದಾಗ, ಕಡಿಮೆ ಪ್ರಮಾಣದಲ್ಲಿ, ಕಡಿಮೆ ದಿನ ಎಂಬ ಹಳೆಯ ಸಲಹೆ ಈ ಗದ್ದಲದ ನಂತರವೂ ಹಾಗೆಯೇ ಇದೆ. ಜ್ವರವನ್ನು ಹಾಗೇ ಬಿಡಿ ಎನ್ನುವ ಸಂದೇಶವನ್ನು ಮಾತ್ರ ಮುಂದಕ್ಕೆ ಕಳಿಸಬೇಡಿ.

ಆಸ್ಪಿರಿನ್ ಬೇಡ ಅಂತೀರಿ, ನಮ್ಮ ಡಾಕ್ಟ್ರು ಇಕೋಸ್ಪ್ರಿನ್ ಬರೆದಿದ್ದಾರೆ. ನಿಲ್ಲಿಸಬೇಕಾ?

ನಿಲ್ಲಿಸಬೇಡಿ. ಇಕೋಸ್ಪ್ರಿನ್‌ನಲ್ಲಿರುವ 75ರಿಂದ 150 ಮಿಲಿಗ್ರಾಂನ ಆಸ್ಪಿರಿನ್ ನೋವಿಗಾಗಿ ಕೊಡುವುದಲ್ಲ. ಹಿಂದಿನ ಬಸುರಿನಲ್ಲಿ ಬಿ.ಪಿ. ಏರಿದ್ದವರು, ಅವಳಿ ಮಕ್ಕಳಿರುವವರು, ಮೊದಲಿನಿಂದ ಬಿ.ಪಿ., ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರಿಗೆ ಪ್ರಿಎಕ್ಲಾಂಪ್ಸಿಯಾ ಬರದಂತೆ ತಡೆಯಲು 12ರಿಂದ 16 ವಾರಗಳ ನಡುವೆ ಅದನ್ನು ಆರಂಭಿಸುತ್ತಾರೆ. 2017ರಲ್ಲಿ ಪ್ರಕಟವಾದ ಆಸ್ಪ್ರೆ ಪ್ರಯೋಗದಲ್ಲಿ, ಹೆಚ್ಚು ಅಪಾಯವಿದ್ದ ಗರ್ಭಿಣಿಯರಿಗೆ ರಾತ್ರಿ ಹೊತ್ತು 150 ಮಿಲಿಗ್ರಾಂ ಕೊಟ್ಟಾಗ 37 ವಾರಗಳೊಳಗೆ ಹೆರಿಗೆ ಮಾಡಿಸಬೇಕಾಗುವಂಥ ಪ್ರಿಎಕ್ಲಾಂಪ್ಸಿಯಾ ಶೇ. 62ರಷ್ಟು ತಗ್ಗಿತ್ತು. 20 ವಾರಗಳ ಎಚ್ಚರಿಕೆಯಿಂದಲೂ ಈ ಕಡಿಮೆ ಪ್ರಮಾಣವನ್ನು ಹೊರಗಿಡಲಾಗಿದೆ. ಯಾವಾಗ ನಿಲ್ಲಿಸಬೇಕೆಂದು ಬರೆದುಕೊಟ್ಟವರೇ ಹೇಳುತ್ತಾರೆ. ಆ ಪ್ರಯೋಗದಲ್ಲಿ 36 ವಾರಕ್ಕೆ ನಿಲ್ಲಿಸಿದ್ದರು. ಡಿಸ್ಪ್ರಿನ್ ಇದೇ ಔಷಧವಾದರೂ ಅದರ ಪ್ರಮಾಣ ಹಲವು ಪಟ್ಟು ಹೆಚ್ಚು, ಅದು ಬೇಡ.

ನಿಮಗೆ ಈ ಮಾತ್ರೆ ಬೇಕೇ ಎಂದು ತಿಳಿಯಲು ಖಾಸಗಿ ಆಸ್ಪತ್ರೆಗೇ ಹೋಗಬೇಕೆಂದಿಲ್ಲ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ.

ಮೊದಲಿಂದ ಅರೆತಲೆನೋವಿದೆ. ವ್ಯಾಸೋಗ್ರೇನ್ ತಗೋತಿದ್ದೆ. ಈಗೇನು?

ಅದನ್ನು ಇಂದೇ ಬಿಡಿ. ಅದರಲ್ಲಿರುವ ಎರ್ಗೊಟಮಿನ್ ರಕ್ತನಾಳಗಳನ್ನೂ ಗರ್ಭಕೋಶವನ್ನೂ ಸಂಕುಚಿಸುವ ಔಷಧ, ಗರ್ಭಿಣಿಗೆ ನಿಷಿದ್ಧ. ಮೈಗ್ರೇನ್ ಬರದಂತೆ ತಡೆಯಲು ವಾಲ್ಪ್ರೊಯೇಟ್ ಅಥವಾ ಟೋಪಿರಮೇಟ್ ತೆಗೆದುಕೊಳ್ಳುತ್ತಿದ್ದರೆ ಗರ್ಭ ಧರಿಸುವ ಯೋಚನೆ ಬಂದಾಗಲೇ ವೈದ್ಯರಿಗೆ ಹೇಳಬೇಕು, ಏಕೆಂದರೆ ಎರಡೂ ಮಗುವಿಗೆ ಹಾನಿಕರ. ಅದೇ ಔಷಧವನ್ನು ಅಪಸ್ಮಾರಕ್ಕಾಗಿ ತೆಗೆದುಕೊಳ್ಳುವವರು ಮಾತ್ರ ತಾವಾಗಿ ನಿಲ್ಲಿಸಬಾರದು, ಅದೇ ದಿನ ವೈದ್ಯರನ್ನು ಕಾಣಬೇಕು. ಎಷ್ಟೋ ಜನರಲ್ಲಿ ನಾಲ್ಕನೇ ತಿಂಗಳಿನಿಂದ ಅರೆತಲೆನೋವು ತಾನಾಗಿ ಕಡಿಮೆಯಾಗುತ್ತದೆ.

ಪ್ಯಾರಾಸಿಟಮಾಲ್ ಕೂಡ ಕೇಳದೆ ತಗೋಬಾರದವರು ಯಾರಾದರೂ ಇದ್ದಾರಾ?

ಇದ್ದಾರೆ. ಕಾಮಾಲೆ ಅಥವಾ ಯಕೃತ್ತಿನ ಕಾಯಿಲೆ ಇರುವವರು, ವಾಂತಿಯಿಂದ ದಿನಗಟ್ಟಲೆ ಊಟ ನಿಲ್ಲದವರು, ಕ್ಷಯರೋಗದ ಅಥವಾ ಅಪಸ್ಮಾರದ ಮಾತ್ರೆ ತೆಗೆದುಕೊಳ್ಳುತ್ತಿರುವವರು ಪ್ರಮಾಣವನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು. ಕಣ್ಣು ಹಳದಿಯಾಗಿ ಜ್ವರ ಬಂದರೆ ಮಾತ್ರೆ ಹುಡುಕುತ್ತಾ ಕೂರಬೇಡಿ. ಹೆಪಟೈಟಿಸ್ ಇ ಸೋಂಕು ಗರ್ಭಿಣಿಯರಲ್ಲಿ ಪ್ರಾಣಕ್ಕೇ ಎರವಾಗಬಲ್ಲದು.

ನೋವು ತಡೆಯಲಾರದೆ ಒಂದೇ ದಿನ ತುಂಬಾ ಮಾತ್ರೆ ನುಂಗಿಬಿಟ್ಟೆ. ಏನೂ ಆಗಿಲ್ಲ ಅನ್ನಿಸುತ್ತೆ.

ಮೊದಲ ದಿನ ಏನೂ ಆಗದಂತೆ ಇರುವುದೇ ಪ್ಯಾರಾಸಿಟಮಾಲ್ ವಿಷದ ಮೋಸ. ಸ್ವಲ್ಪ ವಾಕರಿಕೆ ಬಿಟ್ಟರೆ ಲಕ್ಷಣವಿರುವುದಿಲ್ಲ, ಯಕೃತ್ತಿನ ಹಾನಿ ಎರಡನೇ ಮೂರನೇ ದಿನ ಕಾಣಿಸಿಕೊಳ್ಳುತ್ತದೆ. ಅಸಿಟೈಲ್‌ಸಿಸ್ಟೀನ್ ಎಂಬ ಮದ್ದು ಇದಕ್ಕಿದೆ; ಎಂಟು ಗಂಟೆಗಳೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ, ಗರ್ಭಿಣಿಗೂ ಕೊಡುತ್ತಾರೆ. ದಿನದ ಮಿತಿ ದಾಟಿದೆ ಎಂದು ತಿಳಿದ ಕೂಡಲೇ ಖಾಲಿ ಸ್ಟ್ರಿಪ್ಪುಗಳನ್ನು ಹಿಡಿದುಕೊಂಡು ದೊಡ್ಡ ಆಸ್ಪತ್ರೆಗೆ ಹೋಗಿ. ಬೇಕೆಂದೇ ನುಂಗಿದ್ದಾದರೂ ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ, ಮನೆಯವರೂ ಆ ಹೊತ್ತಿನಲ್ಲಿ ಕಾರಣ ಕೇಳುತ್ತಾ ನಿಲ್ಲಬಾರದು.

ಪ್ಯಾರಾಸಿಟಮಾಲ್ ಸಾಲದಿದ್ದರೆ ಅಲ್ಟ್ರಾಸೆಟ್ ತಗೋಬಹುದಾ?

ಅದರಲ್ಲಿ ಟ್ರಮಡಾಲ್ ಇದೆ, 2018ರಿಂದ ಮಾದಕವಸ್ತು ಕಾನೂನಿನಡಿ ನಿಯಂತ್ರಣದಲ್ಲಿರುವ ಔಷಧ. ಹೆರಿಗೆಯ ಹತ್ತಿರದವರೆಗೆ ಬಳಸುತ್ತಿದ್ದರೆ ಹುಟ್ಟಿದ ಮಗುವಿಗೆ ಉಸಿರಾಟ ಕುಂಠಿತವಾಗುವುದು, ಔಷಧ ನಿಂತದ್ದರಿಂದ ಮೈನಡುಕ, ಬಿಡದ ಅಳು ಇವೆಲ್ಲ ಕಾಣಿಸಿಕೊಳ್ಳಬಹುದು. ಮೂತ್ರಪಿಂಡದ ಕಲ್ಲಿನಂಥ ಅಸಹನೀಯ ನೋವಿಗೆ ಆಸ್ಪತ್ರೆಯಲ್ಲಿ ಕೆಲವು ದಿನ ಇಂಥವನ್ನು ಕೊಡುವುದುಂಟು. ಆ ನಿರ್ಧಾರ ವೈದ್ಯರದು. ಮೊದಲೇ ಅಭ್ಯಾಸವಾಗಿದ್ದರೆ ಒಮ್ಮೆಲೇ ನಿಲ್ಲಿಸದೆ ಅವರಿಗೆ ತಿಳಿಸಿ.

ಹೆರಿಗೆ ಆಯ್ತು, ಹೊಲಿಗೆ ನೋಯ್ತಿದೆ. ಹಾಲುಣಿಸುವಾಗಲೂ ಇದೇ ನಿಯಮವಾ?

ಅಷ್ಟು ಬಿಗಿ ಇಲ್ಲ. ಮಗು ಹೊರಬಂದ ಮೇಲೆ ನೀರಿನ ಪ್ರಶ್ನೆಯೂ ರಕ್ತನಾಳದ ಪ್ರಶ್ನೆಯೂ ಉಳಿಯುವುದಿಲ್ಲ. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಎರಡೂ ಎದೆಹಾಲಿಗೆ ತೀರಾ ಅಲ್ಪ ಪ್ರಮಾಣದಲ್ಲಿ ಸೇರುವುದರಿಂದ ಬಾಣಂತಿಗೆ ಸಾಮಾನ್ಯವಾಗಿ ಕೊಡುತ್ತಾರೆ. ಬಿ.ಪಿ. ಹೆಚ್ಚಾಗಿದ್ದವರು, ರಕ್ತಸ್ರಾವ ಹೆಚ್ಚಾದವರು, ಹೊಟ್ಟೆಹುಣ್ಣು ಅಥವಾ ಆಸ್ತಮಾ ಇರುವವರು ಮಾತ್ರ ಐಬುಪ್ರೊಫೇನ್‌ಗೆ ಮುನ್ನ ಕೇಳಬೇಕು. ಅಫೀಮಿನ ಗುಂಪಿನ ನೋವಿನ ಔಷಧಗಳಾದ ಕೊಡೀನ್ ಮತ್ತು ಟ್ರಮಡಾಲ್ ಬೇಡ. ಕೆಲವು ತಾಯಂದಿರ ದೇಹ ಅವನ್ನು ಬಹುಬೇಗ ತೀವ್ರ ರೂಪಕ್ಕೆ ಬದಲಿಸುವುದರಿಂದ ಹಾಲು ಕುಡಿದ ಮಗುವಿನ ಉಸಿರಾಟಕ್ಕೇ ಅಪಾಯವಾದ ಪ್ರಕರಣಗಳಿವೆ. ಕೆಮ್ಮಿನ ಕೆಲವು ಸಿರಪ್‌ಗಳಲ್ಲೂ ಕೊಡೀನ್ ಇರುತ್ತದೆ. ನೋವಿನ ಮಾತ್ರೆ ನುಂಗಿದ್ದಕ್ಕೆಂದು ಹಾಲು ಹಿಂಡಿ ಚೆಲ್ಲುವ ಅಗತ್ಯವಿಲ್ಲ. ಹಾಲುಣಿಸಿದ ಕೂಡಲೇ ಮಾತ್ರೆ ತೆಗೆದುಕೊಂಡರೆ ಮುಂದಿನ ಸಲದ ಹೊತ್ತಿಗೆ ಅದರ ಅಂಶ ಇನ್ನೂ ಕಡಿಮೆಯಾಗಿರುತ್ತದೆ.